ಕೀಲಿಕೈ ನನ್ನ ಸೊಂಟದಲ್ಲಿತ್ತು

ಠಾಣೆಯಲ್ಲಿಟ್ಟ ಗಾಂಜಾವನ್ನು ಇಲಿಗಳು ತಿಂದವು ಎಂಬ ಸುದ್ದಿ ಎಲ್ಲಿಂದ ಬಂದರೂ ನನ್ನ ಮಗ ತಪ್ಪದೆ ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ನನಗೆ ಕಳಿಸುತ್ತಾನೆ. ಜತೆಗೆ ಕಣ್ಣೀರು ಬರುವಷ್ಟು ನಗುವ ಮುಖ. 2022ರ ನವೆಂಬರಿನಲ್ಲಿ ಮಥುರಾ ಪೊಲೀಸರು ಎರಡು ಠಾಣೆಗಳ ಒಟ್ಟು 581 ಕಿಲೋ ಗಾಂಜಾವನ್ನು ಇಲಿಗಳ ಲೆಕ್ಕಕ್ಕೆ ಬರೆದರು. ಮರುವರ್ಷ ಚೆನ್ನೈಯಲ್ಲಿ ಸುಮಾರು 22 ಕಿಲೋ ಹೀಗೇ ಹೋಯಿತು, ಆರೋಪಿಗಳಿಬ್ಬರು ಬಿಡುಗಡೆಯಾದರು. 2024ರಲ್ಲಿ ಧನಬಾದ್‌ನ ಇಲಿಗಳು ಗಾಂಜಾದ ಜತೆಗೆ ಭಂಗಿಯನ್ನೂ ಮುಗಿಸಿದವು. ಊರೆಲ್ಲ ನಕ್ಕಿತು. ನಾನೂ ನಕ್ಕೆ, ಆದರೆ ಒಂದು ಕ್ಷಣ ತಡವಾಗಿ. ಮಲೆನಾಡಿನ ಒಂದು ತಾಲ್ಲೂಕು ಠಾಣೆಯಲ್ಲಿ ದಾಖಲೆ ಬರೆಯುವ ರೈಟರ್ ಆಗಿ, ಜಪ್ತಿ ಮಾಲು ಇಡುವ ಮುದ್ದೆಮಾಲು ಕೋಣೆಯ ಕೀಲಿಕೈಯನ್ನು ಏಳು ವರ್ಷ ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗಿದವನು ನಾನು.

ಆ ಕೋಣೆಯನ್ನು ನೋಡದವರಿಗೆ ಹೇಳುತ್ತೇನೆ. ಹತ್ತಡಿ ಅಗಲ, ಹನ್ನೆರಡಡಿ ಉದ್ದ, ಒಂದೇ ಕಿಟಕಿ. ಕಿಟಕಿಗೆ ಹೊರಗಿನಿಂದ ತಗಡು ಹೊಡೆದಿತ್ತು. ಒಳಗೆ ಕಳವಾದ ಸೈಕಲ್ಲು, ಕೊಲೆಗೆ ಬಳಸಿದ ಕತ್ತಿ, ಇಸ್ಪೀಟು ದಾಳಿಯಲ್ಲಿ ಸಿಕ್ಕ ಎಲೆ, ಕಳ್ಳಬಟ್ಟಿಯ ಕ್ಯಾನು, ಗಂಧದ ತುಂಡು, ಅಪಘಾತದಲ್ಲಿ ಸತ್ತವರ ಬಟ್ಟೆಯ ಗಂಟು. ಒಂದೊಂದಕ್ಕೂ ಪ್ರಾಪರ್ಟಿ ಫಾರಂ, ಅಂದರೆ ಪಿ.ಎಫ್. ನಂಬರು. ಇವೆಲ್ಲದರ ಮೇಲೆ, ಪಕ್ಕದಲ್ಲಿ, ಸಂದಿನಲ್ಲಿ ಗಾಂಜಾ ಚೀಲ. ಜೂನ್ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಗೋಡೆ ಬೆವರುತ್ತಿತ್ತು. ಚೀಲಗಳಿಗೆ ಬಿಳಿ ಬೂಸ್ಟು ಹಿಡಿಯುತ್ತಿತ್ತು. ಸಂಜೆ ಮನೆಗೆ ಹೋದರೆ ನನ್ನ ಹೆಂಡತಿ ಅಂಗಿಯನ್ನು ಅಂಗಳದಲ್ಲೇ ಬಿಚ್ಚಿಡಲು ಹೇಳುತ್ತಿದ್ದಳು. ಪೂಜೆಯ ಮನೆಗೆ ಆ ವಾಸನೆ ಬರಬಾರದಂತೆ.

ಇಲಿಗಳಿದ್ದವು, ನಿಜ. ಆದರೆ ನನ್ನ ಕೋಣೆಯ ಇಲಿಗಳು ಗಾಂಜಾ ತಿಂದದ್ದನ್ನು ನಾನು ಕಂಡಿಲ್ಲ. ಅವು ತಿಂದದ್ದು ಚೀಟಿ. ಪಂಚರ ಸಹಿ, ಅಪರಾಧ ಸಂಖ್ಯೆ, ತಾರೀಖು ಬರೆದ ಚೀಟಿಯನ್ನು ನಾವು ಮೈದಾ ಕುದಿಸಿದ ಅಂಟಿನಿಂದ ಚೀಲಕ್ಕೆ ಹಚ್ಚುತ್ತಿದ್ದೆವು. ಇಲಿಗೂ ಜಿರಲೆಗೂ ಮೈದಾ ಎಂದರೆ ಹಬ್ಬ. ಒಂದು ಮಳೆಗಾಲ ಕಳೆದು ಬಾಗಿಲು ತೆಗೆದರೆ ಮೂರು ಚೀಲಗಳಿಗೆ ಹೆಸರೇ ಇರಲಿಲ್ಲ. ಯಾವುದು ಯಾವ ಕೇಸಿನದು ಎಂದು ಚೀಲದ ಬಣ್ಣ, ಹೊಲಿಗೆಯ ದಾರ ನೋಡಿ ಗುರುತು ಹಿಡಿದು ಹೊಸ ಚೀಟಿ ಬರೆದು ಹಚ್ಚಿದೆ. ಅದು ತಪ್ಪು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಆಗ ಅದನ್ನು ಜಾಣತನ ಅಂದುಕೊಂಡಿದ್ದೆ.

ಈಗ 21 ಕಿಲೋ 400 ಗ್ರಾಂನ ಕಥೆ.

ಶುಂಠಿ ಹೊಲದ ನಡುವೆ ಬೆಳೆದ ಗಾಂಜಾ ಗಿಡಗಳನ್ನು ಕಿತ್ತು, ಕಂತೆ ಕಟ್ಟಿ, ಒಬ್ಬಾತ ತನ್ನ ಮನೆಯ ಹಿಂದಿನ ಶೆಡ್ಡಿನಲ್ಲಿ ನೇತುಹಾಕಿದ್ದ. ಸಾಹೇಬರಿಗೆ ಮಾಹಿತಿ ಬಂತು, ದಾಳಿ ಆಯಿತು. ಪತ್ರಾಂಕಿತ ಅಧಿಕಾರಿ ಬಂದರು, ಪಂಚರಾಗಿ ಇಬ್ಬರು ಸರ್ಕಾರಿ ನೌಕರರು ಬಂದರು. ತಕ್ಕಡಿ ಇರಲಿಲ್ಲ. ಹತ್ತಿರದ ಅಡಿಕೆ ಮಂಡಿಯಿಂದ ತರಿಸಿದೆವು. ಬೇರಿಗೆ ಅಂಟಿದ ಮಣ್ಣು, ದಂಟು, ಎಲೆ, ತೆನೆ, ಎಲ್ಲ ಸೇರಿಸಿ ತೂಗಿದೆವು. ಎನ್‌ಡಿಪಿಎಸ್ ಎಂಬ ಮಾದಕವಸ್ತು ಕಾಯ್ದೆಯಲ್ಲಿ ಗಾಂಜಾ ಎಂದರೆ ಗಿಡದ ಹೂ ಬಿಟ್ಟ ಅಥವಾ ಕಾಯಿ ಕಟ್ಟಿದ ತುದಿ. ಆ ತುದಿಯ ಜತೆಗಿಲ್ಲದ ಬೀಜ ಮತ್ತು ಎಲೆ ಅದರ ಲೆಕ್ಕಕ್ಕೆ ಬರುವುದಿಲ್ಲ. ಇದು ನಮ್ಮಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲವೆಂದು ಹೇಳಲಾರೆ. ಗೊತ್ತಿದ್ದವರೂ ಆ ಹೊತ್ತಿನಲ್ಲಿ ಮಾತಾಡಲಿಲ್ಲ. ಏಕೆಂದರೆ ತೂಕ 20 ಕಿಲೋ ದಾಟಿತ್ತು. 20 ದಾಟಿದರೆ ಅದು ವಾಣಿಜ್ಯ ಪ್ರಮಾಣ: ಕನಿಷ್ಠ 10 ವರ್ಷ, 20ರವರೆಗೂ ಹೋಗಬಹುದು, ಜಾಮೀನು ಸುಲಭಕ್ಕೆ ಸಿಗದು. ಒಂದು ಕಿಲೋದೊಳಗಿದ್ದರೆ ಒಂದು ವರ್ಷದವರೆಗಿನ ಶಿಕ್ಷೆ. ಒಬ್ಬ ಮನುಷ್ಯನ ಬದುಕಿನ ಎಷ್ಟು ವರ್ಷ ಜೈಲಿನಲ್ಲಿ ಎಂಬುದನ್ನು ಆ ಮಂಡಿಯ ತಕ್ಕಡಿ ಹೇಳಿತ್ತು. ಅದರ ಮೇಲೆ ತೂಕ ಮತ್ತು ಅಳತೆ ಇಲಾಖೆಯ ಮುದ್ರೆ ಇತ್ತೋ ಇಲ್ಲವೋ, ಯಾರೂ ನೋಡಲಿಲ್ಲ.

ಅಲ್ಲೇ 24 ಗ್ರಾಂನಂತೆ ಎರಡು ಸ್ಯಾಂಪಲ್ ತೆಗೆದು, ಬಟ್ಟೆಯಲ್ಲಿ ಕಟ್ಟಿ, ಅರಗು ಕಾಯಿಸಿ ಸೀಲ್ ಒತ್ತಿದೆವು. ಮಳೆಗೆ ಬೆಂಕಿಪೊಟ್ಟಣ ಒದ್ದೆಯಾಗಿತ್ತು. ಅರಗು ಒದ್ದೆ ಬಟ್ಟೆಗೆ ಹಿಡಿಯದೆ ಎರಡು ಸಲ ಕಿತ್ತುಬಂತು. ಸೀಲ್ ಹಾಕಿದ ಹಿತ್ತಾಳೆ ಮೊಹರನ್ನು ಪಂಚರ ಕೈಗೆ ಕೊಟ್ಟೆವೆಂದು ಪಂಚನಾಮೆಯಲ್ಲಿ ಬರೆದೆವು. ಕೊಟ್ಟೆವು ಕೂಡ. ಮರುದಿನ ಆ ಪಂಚ ಠಾಣೆಗೆ ಬಂದು, "ಇದನ್ನು ನಾನೇನು ಮಾಡಲಿ ಸಾರ್, ಮಕ್ಕಳು ಆಟಕ್ಕೆ ತಗೊಂಡರೆ?" ಎಂದು ನನ್ನ ಮೇಜಿನ ಮೇಲಿಟ್ಟು ಹೋದ. ಅದು ನನ್ನ ಡ್ರಾಯರಿಗೆ ಸೇರಿತು. ಮೊಹರೂ ನನ್ನಲ್ಲಿ, ಮೊಹರು ಹಾಕಿದ ಮಾಲೂ ನನ್ನಲ್ಲಿ. ಕಾಯ್ದೆಯ 55ನೇ ಕಲಂ ಇದಕ್ಕೇ ಅಡ್ಡ ಕಟ್ಟಿದೆ: ಜಪ್ತಿ ಮಾಡಿದವರು ಒಬ್ಬರು, ಠಾಣೆಯ ಮುಖ್ಯಸ್ಥರು ಇನ್ನೊಬ್ಬರು, ಇಬ್ಬರ ಮೊಹರೂ ಮಾಲಿನ ಮೇಲಿರಲಿ ಎಂಬುದು ಅದರ ಆಶಯ. ನಮ್ಮ ಠಾಣೆಯಲ್ಲಿ ಆ ಇಬ್ಬರ ಮೊಹರೂ ಒಂದೇ ಡ್ರಾಯರಿನಲ್ಲಿ ಅಕ್ಕಪಕ್ಕ ಮಲಗಿದ್ದವು.

ಎರಡು ವರ್ಷದ ಮೇಲೆ ಸೆಷನ್ಸ್ ಕೋರ್ಟಿನಲ್ಲಿ ನನ್ನ ಸಾಕ್ಷಿ. ಚೀಲ ಹೊತ್ತುಕೊಂಡು ಹೋಗಿದ್ದೆ. ಆರೋಪಿಯ ವಕೀಲರು ವಯಸ್ಸಾದವರು, ಮೆಲ್ಲಗೆ ಮಾತಾಡುವವರು. ಚೀಲವನ್ನು ಇಲ್ಲೇ ತೂಗಿಸಿ ಎಂದರು. 8 ಕಿಲೋ 900 ಗ್ರಾಂ.

"ಉಳಿದ ಹನ್ನೆರಡೂವರೆ ಕಿಲೋ ಎಲ್ಲಿ ಹೋಯಿತು, ರೈಟರೇ?"

ನನ್ನ ಬಾಯಿಗೆ ಬಂದ ಉತ್ತರ: "48 ಗ್ರಾಂ ಸ್ಯಾಂಪಲ್‌ಗೆ ಹೋಗಿದೆ ಸ್ವಾಮಿ." ಕೋರ್ಟಿನಲ್ಲಿ ಯಾರೋ ಕಿಸಕ್ಕೆಂದರು. ನ್ಯಾಯಾಧೀಶರು ನಗಲಿಲ್ಲ.

ಸತ್ಯ ಇಷ್ಟೇ. ಮಾಲು ಒಣಗಿತ್ತು. ಇದನ್ನು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕೆ? ಕ್ವಿಂಟಲ್ ಹಸಿ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿದರೆ ಹದಿನೈದು ಕಿಲೋ ಕೈಗೆ ಸಿಕ್ಕರೆ ಪುಣ್ಯ. ಆ ಮಂಡಿಯ ಹುಡುಗನಿಗೂ ಗೊತ್ತಿದ್ದ ಲೆಕ್ಕ ಇದು. ಆದರೆ ಪಂಚನಾಮೆಯಲ್ಲಿ ಹಸಿ ಎಂಬ ಪದವೇ ಇರಲಿಲ್ಲ. ಗಿಡಗಳು, ತೂಕ ಇಷ್ಟು ಎಂದಷ್ಟೇ ಇತ್ತು. ಸಾಕ್ಷಿಕಟ್ಟೆಯಲ್ಲಿ ನಿಂತು "ಒಣಗಿತು" ಎಂದೆ. ಕದ್ದವನೂ ಅದನ್ನೇ ಹೇಳುತ್ತಾನಲ್ಲ?

ನನ್ನ ಮನಸ್ಸಿನಿಂದ ಇವತ್ತಿಗೂ ಹೋಗದ ಮಾತು ಇದೇ. ನಾನು ಒಂದು ಎಸಳೂ ಮುಟ್ಟಿಲ್ಲವೆಂದು ನನಗೆ ಗೊತ್ತು. ಆದರೆ ಹನ್ನೆರಡೂವರೆ ಕಿಲೋ ಪೂರ್ತಿ ಗಾಳಿಗೇ ಹೋಯಿತೆಂದು ಆಣೆ ಮಾಡಿ ಹೇಳಲು ನನ್ನಿಂದಾಗದು. ನಾನು ರಜೆಯಲ್ಲಿದ್ದಾಗ, ಚುನಾವಣಾ ಬಂದೋಬಸ್ತಿಗೆ ಹೋದಾಗ, ತರಬೇತಿಗೆ ಹೋದಾಗ ಕೀಲಿ ಬೇರೆಯವರ ಕೈಯಲ್ಲಿತ್ತು. ಅವರೂ ಮುಟ್ಟಿರಲಿಕ್ಕಿಲ್ಲ. ಮುಟ್ಟಿದ್ದರೆ? ಒಣಗಿದ ಗಾಂಜಾಕ್ಕೂ ಕಳುವಾದ ಗಾಂಜಾಕ್ಕೂ ತಕ್ಕಡಿಯಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಆರೋಪಿ ಬಿಡುಗಡೆಯಾದ. ತೀರ್ಪಿನಲ್ಲಿ ಕಾರಣಗಳು ಹಲವಿದ್ದವು. ಅವುಗಳಲ್ಲಿ ಒಂದು ನನ್ನ ಕೋಣೆ.

ಇಷ್ಟು ಹೇಳಿದ ಮೇಲೆ ಓದುಗರು ಕಾನೂನು ಸರಿಯಿಲ್ಲ, ಬಿಗಿ ಮಾಡಬೇಕು ಎನ್ನಬಹುದು. ನಾನು ಹೇಳುವುದು ಅದಕ್ಕೆ ಪೂರಾ ಉಲ್ಟಾ. ಕಾನೂನು 1989ರಿಂದಲೂ ಸರಿಯಾಗಿದೆ. ಎನ್‌ಡಿಪಿಎಸ್ ಕಾಯ್ದೆ ಬಂದದ್ದು 1985ರಲ್ಲಿ. ನಾಲ್ಕು ವರ್ಷದ ಮೇಲೆ ಅದಕ್ಕೆ 52ಎ ಎಂಬ ಕಲಂ ಸೇರಿಸಿದರು. ಮಾಲಿನ ಅಪಾಯ, ಅದು ಕಳುವಾಗುವ ಸಂಭವ, ಅದನ್ನು ಅದಲುಬದಲು ಮಾಡುವ ಸಂಭವ, ಇಡಲು ಜಾಗದ ಕೊರತೆ, ಇವನ್ನೆಲ್ಲ ಆ ಕಲಂ ಬಾಯಿ ಬಿಟ್ಟೇ ಹೇಳುತ್ತದೆ. ದೆಹಲಿಯಲ್ಲಿ ಕುಳಿತು ಬರೆದವರು ನಮ್ಮ ಕೋಣೆಯ ತಗಡಿನ ಕಿಟಕಿಯಿಂದ ಇಣುಕಿ ನೋಡಿದ್ದರೋ ಎನ್ನುವ ಹಾಗಿದೆ. ಅದು ಕೊಟ್ಟ ಪರಿಹಾರ ಸರಳ. ಜಪ್ತಾದ ಮಾಲಿನ ಪಟ್ಟಿ ಮಾಡಿ, ಮ್ಯಾಜಿಸ್ಟ್ರೇಟರ ಮುಂದೆ ಇಡಿ. ಪಟ್ಟಿ ಸರಿಯಿದೆ ಎಂದು ಅವರು ದೃಢೀಕರಿಸಲಿ. ಅವರೆದುರು ಫೋಟೊ ತೆಗೆಯಿರಿ, ಅವರೆದುರು ಸ್ಯಾಂಪಲ್ ತೆಗೆಯಿರಿ. ಆಮೇಲೆ ಆ ಪಟ್ಟಿ, ಆ ಫೋಟೊ, ಆ ಸ್ಯಾಂಪಲ್ ಇವೇ ಮೂಲ ಸಾಕ್ಷ್ಯ. ಚೀಲವನ್ನು ವಿಚಾರಣೆ ಮುಗಿಯುವವರೆಗೆ ಕಾಯುತ್ತ ಕೂರಬೇಕಿಲ್ಲ, ನಿಯಮದ ಪ್ರಕಾರ ಸುಡಬಹುದು.

ಕೊನೆಯ ವಾಕ್ಯವನ್ನು ಇನ್ನೊಮ್ಮೆ ಓದಿ. ಸುಡಬಹುದು. ನಾನು ಏಳು ವರ್ಷ ಕಾದ ಆ ಚೀಲಗಳನ್ನು ಕಾಯುವ ಅಗತ್ಯವೇ ಇರಲಿಲ್ಲ.

2016ರ ಜನವರಿಯಲ್ಲಿ ಮೋಹನ್‌ಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಮುಖ್ಯ ನ್ಯಾಯಮೂರ್ತಿ ಟಿ.ಎಸ್. ಠಾಕೂರ್ ಮತ್ತು ನ್ಯಾಯಮೂರ್ತಿ ಕುರಿಯನ್ ಜೋಸೆಫ್ ಅವರ ಪೀಠ, ಇದನ್ನೇ ಗುಡುಗಿ ಹೇಳಿತು. ಸ್ಯಾಂಪಲ್ ತೆಗೆಯುವುದು ಮ್ಯಾಜಿಸ್ಟ್ರೇಟರ ಉಸ್ತುವಾರಿಯಲ್ಲಿ. ಜಪ್ತಾದ ಕೂಡಲೇ ಅರ್ಜಿ ಹಾಕಬೇಕು. ಮಾಲು ಇಡಲು ಎರಡು ಬೀಗದ ಉಗ್ರಾಣ ಆರು ತಿಂಗಳಲ್ಲಿ ಆಗಬೇಕು. ಹಿಡಿದ ಮಾದಕವಸ್ತು ಉಗ್ರಾಣದಿಂದಲೇ ಸೋರಿ ಮತ್ತೆ ಪೇಟೆಗೆ ಇಳಿಯಬಾರದು ಎಂಬುದು ಆ ತೀರ್ಪಿನ ಹಿಂದಿನ ಆತಂಕ. ಅದರ ಬಿಸಿ ನಮ್ಮ ಠಾಣೆಗೆ ತಟ್ಟುವ ಹೊತ್ತಿಗೆ ಎಷ್ಟೋ ಮಳೆಗಾಲ ಕಳೆದಿದ್ದವು. ನಾವು ಸ್ಥಳದಲ್ಲೇ ಸ್ಯಾಂಪಲ್ ತೆಗೆಯುತ್ತಲೇ ಇದ್ದೆವು. "ಹಿಂದಿನಿಂದ ಹೀಗೇ ಬಂದಿದೆ" ಎಂಬುದಕ್ಕಿಂತ ದೊಡ್ಡ ಕಾನೂನು ಠಾಣೆಯಲ್ಲಿ ಇನ್ನೊಂದಿಲ್ಲ.

2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಹೊಸ ನಿಯಮಗಳನ್ನೇ ತಂದಿತು: ಜಪ್ತಿ, ದಾಸ್ತಾನು, ಸ್ಯಾಂಪಲ್, ವಿಲೇವಾರಿ ಎಲ್ಲದಕ್ಕೂ. ನಾನು ಆಗ ನಿವೃತ್ತನಾಗಿ ತೋಟದಲ್ಲಿ ಕಾಳುಮೆಣಸು ಬಿಡಿಸುತ್ತಿದ್ದೆ. ಪರಿಚಯದ ವಕೀಲರಿಂದ ಒಂದು ಪ್ರತಿ ತರಿಸಿ ಓದಿದೆ. ಹಳೆಯ ಚಟ. ಓದಿ ಸಂತೋಷವಾಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಗಾಂಜಾದ ಪೊಟ್ಟಣಗಳು ಒಂದೇ ಥರ ಇದ್ದರೆ ನಲವತ್ತು ನಲವತ್ತರ ಗುಂಪು ಮಾಡಿ ಸ್ಯಾಂಪಲ್ ತೆಗೆಯಬಹುದು. ಅಂದರೆ ಮ್ಯಾಜಿಸ್ಟ್ರೇಟರು ಇಡೀ ದಿನ ಚೀಲ ಬಿಚ್ಚಿಸುತ್ತ ಕೂರಬೇಕಾಗಿಲ್ಲ. ಪ್ರಯೋಗಾಲಯ 15 ದಿನದಲ್ಲಿ ವರದಿ ಕೊಡಬೇಕು. ನನ್ನ ಕಾಲದಲ್ಲಿ ಆ ವರದಿಗೆ ಕಾಯುತ್ತ ಕಾಯುತ್ತ ತನಿಖಾಧಿಕಾರಿಗೆ ವರ್ಗ ಆಗಿಬಿಡುತ್ತಿತ್ತು. ಬಂದ ಹೊಸಬರಿಗೆ ಹಳೆಯ ಚೀಲ ಎಂದರೆ ಅಲರ್ಜಿ.

ಇಷ್ಟೆಲ್ಲ ಇದ್ದೂ ಯಾಕೆ ನಡೆಯುವುದಿಲ್ಲ? ಕಳ್ಳತನದಿಂದ ಎಂದು ಸುಲಭಕ್ಕೆ ಹೇಳಿಬಿಡುತ್ತಾರೆ. ಕಳ್ಳರಿಲ್ಲ ಎನ್ನುವುದಿಲ್ಲ. ಆದರೆ ನಾನು ಕಂಡದ್ದು ಹೆಚ್ಚಾಗಿ ಅನಾಥತನ. ದಾಳಿಯ ದಿನ ಫೋಟೊಕ್ಕೆ ನಿಲ್ಲಲು ಹದಿನೈದು ಜನ. ಮೇಜಿನ ಮೇಲೆ ಪೊಟ್ಟಣ ಜೋಡಿಸಿ, ಹಿಂದೆ ಸಾಲಾಗಿ ನಿಂತು, ಪತ್ರಿಕೆಯಲ್ಲಿ ಬರುವ ಆ ಫೋಟೊ ನೀವೂ ನೋಡಿದ್ದೀರಿ. ಫೋಟೊ ಮುಗಿದ ಮೇಲೆ ಆ ಪೊಟ್ಟಣಗಳಿಗೆ ಉಳಿಯುವುದು ಒಬ್ಬ ರೈಟರ್. 52ಎ ಅರ್ಜಿ ಬರೆಯಲು ತನಿಖಾಧಿಕಾರಿಗೆ ಪುರಸೊತ್ತಿಲ್ಲ. ಬರೆದರೆ ಮ್ಯಾಜಿಸ್ಟ್ರೇಟರಿಗೆ ಅವತ್ತು ನೂರು ಕೇಸು. ಕೋರ್ಟಿನ ಹಿತ್ತಲಲ್ಲಿ ಆಟೋದಲ್ಲಿ ಚೀಲ ಇಟ್ಟುಕೊಂಡು ಬೆಳಗಿನಿಂದ ಸಂಜೆಯವರೆಗೆ ಕೂತು, "ನಾಳೆ ಬನ್ನಿ" ಎನಿಸಿಕೊಂಡು ವಾಪಸ್ ಬಂದಿದ್ದೇನೆ. ಅವರನ್ನು ದೂರುವುದಿಲ್ಲ. ಅವರ ಮೇಜಿನ ಮೇಲಿನ ಫೈಲುಗಳ ರಾಶಿ ನನ್ನ ಚೀಲಗಳ ರಾಶಿಗಿಂತ ಎತ್ತರ ಇತ್ತು.

2020ರ ಸೆಪ್ಟೆಂಬರಿನಲ್ಲಿ ಕಲಬುರಗಿ ಜಿಲ್ಲೆಯ ಒಂದು ಕುರಿ ಫಾರ್ಮಿನ ನೆಲದಡಿಯಲ್ಲಿ ಬೆಂಗಳೂರು ಪೊಲೀಸರು ಸುಮಾರು 1,350 ಕಿಲೋ ಗಾಂಜಾ ಹಿಡಿದರು. ಎಲ್ಲರೂ ಹಿಡಿದವರನ್ನು ಹೊಗಳಿದರು, ಸರಿಯೇ. ನನ್ನ ತಲೆಗೆ ಬಂದದ್ದು ಬೇರೆ ಪ್ರಶ್ನೆ: ಇದನ್ನು ಎಲ್ಲಿ ಇಡುತ್ತಾರೆ? ಪಾಪ, ಯಾವ ರೈಟರ್?

ಈ ನಡುವೆ ಸುಪ್ರೀಂ ಕೋರ್ಟಿನ ಗಾಳಿಯೂ ಅತ್ತಿಂದಿತ್ತ ತಿರುಗುತ್ತಿದೆ. 2023ರಲ್ಲಿ, ತಮಿಳುನಾಡಿನ ಒಂದು ಹೆರಾಯಿನ್ ಪ್ರಕರಣದಲ್ಲಿ, ಸ್ಯಾಂಪಲ್ ಮ್ಯಾಜಿಸ್ಟ್ರೇಟರ ಎದುರು ತೆಗೆದಿಲ್ಲ ಎಂಬ ಕಾರಣಕ್ಕೆ ಶಿಕ್ಷೆ ರದ್ದಾಯಿತು. ಜಪ್ತಿ ನಡೆದದ್ದು 2000ನೇ ಇಸವಿಯಲ್ಲಿ, ಬಿಡುಗಡೆ 23 ವರ್ಷದ ಮೇಲೆ. ಬಳಿಕ 2024ರ ಡಿಸೆಂಬರಿನಲ್ಲಿ ಇನ್ನೊಂದು ಪೀಠ, 52ಎ ಪಾಲನೆಯಲ್ಲಿ ತಡವಾಯಿತು ಅಥವಾ ಲೋಪವಾಯಿತು ಎಂಬುದೊಂದೇ ಜಾಮೀನಿಗೆ ಸಾಲದು ಎಂದಿತು. 2025ರ ಜನವರಿಯಲ್ಲಿ ಛತ್ತೀಸಗಢದ ಪ್ರಕರಣದಲ್ಲಿ, ಉಳಿದ ಸಾಕ್ಷ್ಯ ನಂಬುವಂತಿದ್ದರೆ ಈ ಲೋಪ ಒಂದರಿಂದಲೇ ಕೇಸು ಬಿದ್ದುಹೋಗದು, ಆದರೆ ಲೋಪದಿಂದ ಅನುಮಾನ ಹುಟ್ಟಿದರೆ ಅದರ ಲಾಭ ಆರೋಪಿಗೆ ಎಂಬರ್ಥದ ತೀರ್ಪು ಬಂತು.

ನ್ಯಾಯಮೂರ್ತಿಗಳ ತರ್ಕಕ್ಕೆ ನಾನು ಎದುರಾಡುವವನಲ್ಲ. ಯಾರೋ ಒಂದು ಫಾರಂ ತುಂಬಲಿಲ್ಲವೆಂದು ಕ್ವಿಂಟಲ್‌ಗಟ್ಟಲೆ ಸಾಗಿಸಿದವನು ನಗುತ್ತ ಹೊರಬರುವುದು ನನಗೂ ಇಷ್ಟವಿಲ್ಲ. ನನ್ನ ಹೆದರಿಕೆ ಬೇರೆ. ತೀರ್ಪಿನ ಪೂರ್ತಿ ಪಾಠ ಠಾಣೆಗೆ ತಲುಪುವುದಿಲ್ಲ. ಅದರ ಒಂದು ಸಾಲು ಚಹಾದಂಗಡಿಯ ಮಾತಾಗಿ ತಲುಪುತ್ತದೆ: "52ಎ ಮಾಡದಿದ್ದರೂ ಕೇಸು ನಿಲ್ಲುತ್ತಂತೆ ಬಿಡ್ರೀ." 2016ರ ತೀರ್ಪು ನಮ್ಮ ಹತ್ತಿರ ಬರಲು ವರ್ಷಗಳು ಹಿಡಿದವು. ಈ ಸಾಲು ಬರಲು ಒಂದು ವಾರ ಸಾಕು.

52ಎ ಆರೋಪಿಗೆ ಮಾಡಿದ ಉಪಕಾರ ಎಂದು ನಮ್ಮ ಇಲಾಖೆಯಲ್ಲಿ ಬಹಳ ಜನ ತಿಳಿದಿದ್ದಾರೆ. ನಾನೂ ಹಾಗೇ ತಿಳಿದಿದ್ದೆ, ಸಾಕ್ಷಿಕಟ್ಟೆ ಹತ್ತುವವರೆಗೆ. ಅದು ಪೊಲೀಸನಿಗೆ ಮಾಡಿದ ಉಪಕಾರ. ದಾಳಿ ಆದ ವಾರದೊಳಗೆ ಮ್ಯಾಜಿಸ್ಟ್ರೇಟರು ಆ ಹಸಿ ಗಿಡಗಳನ್ನು ಕಣ್ಣಿಂದ ನೋಡಿ, "ಹಸಿ, ತೂಕ ಇಷ್ಟು" ಎಂದು ಸಹಿ ಹಾಕಿದ್ದರೆ, ಎರಡು ವರ್ಷದ ಮೇಲೆ ನನ್ನನ್ನು ಯಾರೂ ಕೇಳುತ್ತಿರಲಿಲ್ಲ. ಕಂತೆ ಬೂದಿಯಾಗಿರುತ್ತಿತ್ತು, ನಾನು ಮರ್ಯಾದಸ್ಥನಾಗಿ ಉಳಿದಿರುತ್ತಿದ್ದೆ.

ಏನು ಮಾಡಬೇಕೆಂದು ಕೇಳಿದರೆ ನನ್ನದು ರೈಟರನ ಮಟ್ಟದ ಸಲಹೆ. ಪ್ರತಿ ತಾಲ್ಲೂಕು ಕೋರ್ಟಿನಲ್ಲಿ ವಾರಕ್ಕೊಂದು ಮಧ್ಯಾಹ್ನ, ಬುಧವಾರವೋ ಗುರುವಾರವೋ, ಈ ಅರ್ಜಿಗಳಿಗೇ ಮೀಸಲಿರಲಿ. ಆಟೋದಲ್ಲಿ ಕೂತು ಕಾಯುವವನಿಗೆ ತನ್ನ ಸರದಿ ಯಾವಾಗ ಎಂದು ಗೊತ್ತಿರಲಿ. ಠಾಣೆಗೊಂದು ಮುದ್ರೆ ಬಿದ್ದ ಎಲೆಕ್ಟ್ರಾನಿಕ್ ತಕ್ಕಡಿ ಕೊಡಿ, ಜೀಪಿನ ಡೀಸೆಲ್‌ಗಿಂತ ಅದೇನೂ ದುಬಾರಿಯಲ್ಲ. 2024ರ ಜುಲೈ 1ರಿಂದ ಜಾರಿಯಾದ ಹೊಸ ಅಪರಾಧ ಪ್ರಕ್ರಿಯಾ ಕಾನೂನು ಬಿಎನ್‌ಎಸ್‌ಎಸ್‌ನ 105ನೇ ಕಲಂ ಶೋಧ ಮತ್ತು ಜಪ್ತಿಯನ್ನು ವಿಡಿಯೊ ಮಾಡಬೇಕು ಎನ್ನುತ್ತದೆ, ಮೊಬೈಲಾದರೂ ಸರಿ. ಮಾಡುತ್ತಿದ್ದಾರೆ ಎಂದು ಕೇಳಿದ್ದೇನೆ. ಆ ವಿಡಿಯೊದಲ್ಲಿ ಸಾಹೇಬರ ಮುಖಕ್ಕಿಂತ ತಕ್ಕಡಿಯ ಅಂಕಿ ಕಾಣಲಿ. ಮಾಲು ಹಸಿಯೋ ಒಣವೋ, ಬೇರಿನಲ್ಲಿ ಮಣ್ಣಿದೆಯೋ ಎಂದು ಯಾರಾದರೂ ಬಾಯಿ ಬಿಟ್ಟು ಹೇಳಲಿ. ಮಾಲನ್ನು ಠಾಣೆಯಲ್ಲಿ ಇಡಲೇಬೇಡಿ, ಜಿಲ್ಲೆಗೊಂದು ಉಗ್ರಾಣದಲ್ಲಿ ಇಡಿ. ಇನ್ನು ಮೈದಾ ಅಂಟು, ದಯವಿಟ್ಟು, ನಿಲ್ಲಿಸಿ.

ಪ್ರತಿ ವರ್ಷ ಜೂನ್ 26ರ ಆಸುಪಾಸು ಮಾದಕವಸ್ತು ಸುಡುವ ಫೋಟೊಗಳು ಪತ್ರಿಕೆಯಲ್ಲಿ ಬರುತ್ತವೆ. ಇಷ್ಟು ಕೋಟಿ ಮೌಲ್ಯ ಎಂದು ತಲೆಬರಹ. ನನಗೆ ಕೋಟಿಯ ಲೆಕ್ಕ ಬೇಡ. ಬೆಂಕಿಗೆ ಬಿದ್ದ ಚೀಲ ಯಾವ ವರ್ಷದ್ದು, ಜಪ್ತಿಯ ದಿನ ಎಷ್ಟಿತ್ತು, ಬೆಂಕಿಯ ದಿನ ಎಷ್ಟಿತ್ತು, ಈ ಮೂರು ಅಂಕಿಗಳನ್ನು ಒಂದು ವರ್ಷ ಯಾರಾದರೂ ಪ್ರಕಟಿಸಲಿ ನೋಡೋಣ.

ನನಗೆ ವರ್ಗ ಆದಾಗ ಚಾರ್ಜು ಕೊಡುವ ದಿನ ಹೊಸ ರೈಟರಿಗೆ, "ಚೀಲಗಳನ್ನು ತೂಗಿ ತಗೊಳ್ಳಿ" ಎಂದೆ. ಆತ ಒಳ್ಳೆಯ ಹುಡುಗ. "ನಿಮ್ಮ ಮೇಲೆ ನಂಬಿಕೆ ಇಲ್ವಾ ಸಾರ್" ಎಂದು ನಕ್ಕು, ಪಟ್ಟಿಯ ಕೆಳಗೆ "ಪರಿಶೀಲಿಸಿ ವಹಿಸಿಕೊಂಡಿದ್ದೇನೆ" ಎಂದು ಬರೆದು ಸಹಿ ಹಾಕಿದ. ನನಗೂ ಬಸ್ಸಿಗೆ ಹೊತ್ತಾಗಿತ್ತು, ಒತ್ತಾಯ ಮಾಡಲಿಲ್ಲ. ಏಳು ವರ್ಷದ ಹಿಂದೆ ನಾನೂ ಹಾಗೇ ಸಹಿ ಹಾಕಿ ಕೀಲಿಕೈ ತಗೊಂಡಿದ್ದೆ. ಆ ಪಟ್ಟಿಯ ಜೆರಾಕ್ಸ್ ಇನ್ನೂ ನನ್ನ ಟ್ರಂಕಿನಲ್ಲಿದೆ. ಗಾಂಜಾದ ಒಂದೊಂದು ಸಾಲಿನ ಎದುರೂ "ಚೀಲ 1" ಎಂದಷ್ಟೇ ಇದೆ. ತೂಕದ ಕಾಲಂ ಖಾಲಿ.